ಸಕ್ರವ್ವನ ಕೂಸು

ಹೊಲದ ಕೆಲಸವನ್ನು ನಾಳೆಗೆ ಬಿಡುವುದು ಕಲ್ಲವ್ವನಿಗೆ ಗೊತ್ತಿರಲಿಲ್ಲ. ಹೊಳೆಮಣ್ಣೂರಿಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷವಾಗಿತ್ತು. ಗಂಡ ಗುರುಸಂಗಪ್ಪ ಊರ ಪಂಚರಲ್ಲೊಬ್ಬ, ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಯ ನ್ಯಾಯ ಕೇಳುವವನು. ಹೊಲಮನೆಯ ಕಾರಭಾರ ಮಾತ್ರ ಕಲ್ಲವ್ವನದೇ. ಯಾವ ಹೊಲಕ್ಕೆ ಎಷ್ಟು ಆಳು, ಯಾವ ಎಮ್ಮೆ ಯಾವಾಗ ಈಯುತ್ತದೆ, ಯಾರ ಮನೆಗೆ ಮಜ್ಜಿಗೆ ಕಳಿಸಬೇಕು ಎಂಬುದೆಲ್ಲ ಅವಳ ತಲೆಯಲ್ಲಿತ್ತು. ಮಗ ಪ್ರಭುಲಿಂಗಪ್ಪ ಕೂಡ ಎತ್ತು ಹೂಡುವ ಮೊದಲು ಅವ್ವನನ್ನು ಒಂದು ಮಾತು ಕೇಳುತ್ತಿದ್ದ.

ಐವತ್ತೈದನೆಯ ಇಸವಿಯ ಭಾದ್ರಪದ. ಮಲಪ್ರಭೆಯ ಆಚೆ ದಂಡೆಯಲ್ಲಿದ್ದ ಅವರ ಎರೆಹೊಲದಲ್ಲಿ ಹೆಸರುಕಾಳಿನ ಬೆಳೆ ಒಣಗಿ ನಿಂತಿತ್ತು. ಪಡುವಲ ದಿಕ್ಕಿಗೆ ಮುಗಿಲು ಕಪ್ಪಾಗಿದ್ದು ಕಂಡು ಕಲ್ಲವ್ವ ನಸುಕಿನಲ್ಲೇ ಕೆಳಗಿನ ಓಣಿಗೆ ಇಳಿದಳು. ಕೂಲಿಮಾಡಿ ಉಣ್ಣುವವರ ಓಣಿ ಅದು. ಒಂದೊಂದೇ ಬಾಗಿಲಿಗೆ ನಿಂತು ಕರೆದು ಒಂಬತ್ತು ಹೆಣ್ಣಾಳು ಕೂಡಿಸಿದಳು. ಕೊನೆಗೆ ಸಕ್ರವ್ವನ ಮನೆ. ಹೆಸರು ಬಿಡಿಸುವುದರಲ್ಲಿ ಸಕ್ರವ್ವನದು ಇಬ್ಬರ ಕೈ. ಅವಳು ನಾಲ್ಕು ತಿಂಗಳ ಗಂಡುಕೂಸನ್ನು ಹೆಗಲಿಗೆ ಹಾಕಿಕೊಂಡೇ ಹೊರಗೆ ಬಂದಳು. ಗಂಡ ಹೇಮಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ.

“ಕೂಸಿನ ಮೈ ಬೆಚ್ಚಗೈತ್ರಿ ಅವ್ವಾರ. ಇವತ್ತೊಂದ ದಿನ ಬಿಟ್ಟಬಿಡ್ರಿ” ಅಂದಳು ಸಕ್ರವ್ವ.

“ನಾಳಿ ಮಳಿ ಬಿತ್ತಂದ್ರ ಕಾಯಿ ಎಲ್ಲಾ ಕರ್ರಗಾಗಿ ಹೋಗ್ತಾವ. ಇದೊಂದ ದಿನ ಬಾ. ನಿಮ್ಮತ್ತಿ ಮನ್ಯಾಗ ಅದಾಳಲ್ಲ, ನೋಡ್ಕೋತಾಳ.”

“ಕುಡಿಯೋ ಕೂಸ್ರಿ...”

“ಕುಡಿಸಿ ಹೋಗು. ಹೊತ್ತ ಮುಣುಗೋದ್ರಾಗ ಬಂದಬಿಡ್ತಿ. ನಮ್ಮ ನೀಲವ್ವನೂ ಬರಾಕತ್ಯಾಳ. ಆಕಿಗೂ ಮನ್ಯಾಗ ಕೂಸೈತಿ.”

ಸಕ್ರವ್ವ ಕೂಸಿನ ಬೆನ್ನು ಸವರುತ್ತ ನಿಂತಳು. “ಲಗೂ ಬಾ ಮತ್ತ” ಎಂದು ಕಲ್ಲವ್ವ ತಿರುಗಿ ಬಂದಳು. ಅಂಬಿಗರ ಸಣ್ಣಪ್ಪ ಹರಿಗೋಲು ಬಿಡುವ ಹೊತ್ತಿಗೆ ಸಕ್ರವ್ವ ಓಡೋಡಿ ಬಂದು ಹತ್ತಿದಳಂತೆ. ಸೊಸೆ ನೀಲವ್ವನೂ ಸೇರಿ ಹನ್ನೊಂದು ಹೆಂಗಸರು ಆಚೆ ದಾಟಿದರು.

ಊರಿಗೆ ಅಂದು ಹನಿ ಮಳೆ ಬೀಳಲಿಲ್ಲ. ಮೇಲೆ ಎಲ್ಲೋ ಘಟ್ಟದ ಕಡೆ ಬಿದ್ದಿತ್ತು. ಹೆಂಗಸರು ಕೊನೆಯ ಸಾಲು ಮುಗಿಸಿ, ಕಾಯಿ ತುಂಬಿದ ಚೀಲ ಹೊತ್ತು ಹರಿಗೋಲು ಹತ್ತಿದಾಗ ಹೊಳೆ ಎಂದಿನ ಹಾಗೇ ಇತ್ತು. ನಡುಹೊಳೆಗೆ ಬಂದಾಗ ನೀರು ಒಮ್ಮೆಲೇ ಕೆಂಪಾಗಿ ಏರಿತು.

ಕಲ್ಲವ್ವ ಪಡಸಾಲೆಯಲ್ಲಿ ಮೊಮ್ಮಗಳು ಶೇಖವ್ವನಿಗೆ ಗಂಜಿ ಉಣಿಸುತ್ತಿದ್ದಳು. ಓಣಿಯಲ್ಲಿ ಮಂದಿ ಓಡುವುದು ಕೇಳಿ ಹೊರಗೆ ಬಂದಳು. ಯಾರೂ ಅವಳಿಗೆ ಏನೂ ಹೇಳಲಿಲ್ಲ, ಹೊಳೆಯ ಕಡೆ ಕೈಮಾಡಿ ಓಡುತ್ತಿದ್ದರು. ಅವಳೂ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಗೇ ಹೋದಳು.

ನೀಲವ್ವ ಊರಿಂದ ಅರ್ಧ ಮೈಲು ಕೆಳಗೆ, ನೀರಿಗೆ ಬಾಗಿದ ಒಂದು ಜಾಲಿಗಿಡಕ್ಕೆ ಸಿಕ್ಕಿಕೊಂಡು ಉಳಿದಳು. ಇನ್ನು ನಾಲ್ವರು ಅಲ್ಲಲ್ಲಿ ದಂಡೆ ಹತ್ತಿದರು. ಅವರಲ್ಲಿ ಇಬ್ಬರನ್ನು ಸಣ್ಣಪ್ಪನೇ ಎಳೆದು ತಂದು ಹಾಕಿ, ಮೂರನೆಯ ಸಲ ಹೋಗಿ ಬರಿಗೈಲಿ ಬಂದ. ಆರು ಮಂದಿ ಹೋದರು. ಆರೂ ಮಂದಿ ಕೆಳಗಿನ ಓಣಿಯವರು.

ಪ್ರಭುಲಿಂಗಪ್ಪ, ಹೇಮಪ್ಪ, ಸಣ್ಣಪ್ಪ ಮೂವರೂ ನಾಲ್ಕು ದಿನ ದಂಡೆಗುಂಟ ಹುಡುಕಿದರು. ಐದು ಮಂದಿ ಎರಡು ದಿನದಲ್ಲಿ ಸಿಕ್ಕರು. ನಾಲ್ಕನೆಯ ದಿನ ಮಧ್ಯಾಹ್ನ ಎರಡು ಹರದಾರಿ ಕೆಳಗೆ ಮಳಲ ದಿಬ್ಬದ ಮೇಲೆ ಸಕ್ರವ್ವ ಸಿಕ್ಕಳು. ಅಲ್ಲಿಯ ಮಂದಿ ಅವಳ ಮೇಲೆ ಒಂದು ಹೊಸ ಸೀರೆ ಹೊದಿಸಿ ಕಾಯುತ್ತ ಕೂತಿದ್ದರು.

ಅಷ್ಟು ದಿನವೂ ಕೆಳಗಿನ ಓಣಿಯಲ್ಲಿ ಒಲೆ ಹೊತ್ತಲಿಲ್ಲ. ಕಲ್ಲವ್ವ ಬೆಳಗಿನಿಂದ ಸಂಜೆಯವರೆಗೆ ರೊಟ್ಟಿ ಬಡಿದಳು. ಒಂದು ಬುಟ್ಟಿ ತುಂಬಿದೊಡನೆ ಆಳಿನ ತಲೆಯ ಮೇಲೆ ಹೊರಿಸಿ ಆರು ಮನೆಗೂ ಕಳಿಸುವಳು, ಮತ್ತೆ ಹಿಟ್ಟಿಗೆ ಕೂಡುವಳು. ಅಂಗೈ ಬೊಬ್ಬೆ ಎದ್ದವು. ತಾನು ಮಾತ್ರ ಆ ಓಣಿಗೆ ಕಾಲಿಡಲಿಲ್ಲ.

ನೀಲವ್ವ ಜ್ವರದಲ್ಲಿ ಮಲಗಿದ್ದಳು. ಐದನೆಯ ದಿನ ಎದ್ದು ಕೂತು, ಅತ್ತೆ ತಂದುಕೊಟ್ಟ ಗಂಜಿಯ ಬಟ್ಟಲನ್ನು ಕೈಯಲ್ಲಿ ಹಿಡಿದೇ ಹೇಳಿದಳು.

“ಅತ್ತಿ, ನಾ ಈಸಿ ಬರಲಿಲ್ರಿ. ನನಗ ಈಸು ಬರೂದಿಲ್ಲ.”

“ಗೊತ್ತೈತಿ. ಈಗ ಅದೆಲ್ಲಾ ಯಾಕ? ಕುಡಿ.”

“ಒಂದ ಕಾಯಿಚೀಲ ತೇಲತಿತ್ರಿ. ಸಕ್ರವ್ವ ಅದನ್ನ ಹಿಡಕೊಂಡಿದ್ಳು. ನನ್ನ ನೋಡಿ ನನ್ನ ಬಗಲಾಗ ತುರುಕಿದ್ಳು. ‘ಬಿಡಬ್ಯಾಡ್ರಿ’ ಅಂದ್ಳು. ನಾ ಬಿಡಲಿಲ್ಲ. ಆಕೀನ್ನ ಹಿಡೀಬೇಕಂತ ನನಗ ಹೊಳೀಲೇ ಇಲ್ರಿ.”

ಕಲ್ಲವ್ವ ಸೊಸೆಯ ತಲೆಯ ಮೇಲೆ ಕೈಯಿಟ್ಟಳು. ಹೊರಗೆ, ಕೆಳಗಿನ ಓಣಿಯ ಕಡೆಯಿಂದ ಒಂದು ಕೂಸು ಅಳುವುದು ಕೇಳುತ್ತಿತ್ತು. ನಾಲ್ಕು ದಿನದಿಂದ ಕೇಳುತ್ತಲೇ ಇತ್ತು. ಸಕ್ರವ್ವನ ಅತ್ತೆ ಗುಡ್ಡವ್ವ ಆಕಳ ಹಾಲನ್ನು ಒಳಲೆಯಲ್ಲಿ ಹಾಕಿ ಕುಡಿಸಲು ನೋಡುತ್ತಿದ್ದಳು. ಕೂಸು ಉಗುಳುತ್ತಿತ್ತು.

“ಅದು ಆಕೀ ಕೂಸಲ್ರಿ?” ನೀಲವ್ವ ಕೇಳಿದಳು.

“ಹೌದು.”

“ಇಲ್ಲಿ ತರಸ್ರಿ. ನಾ ಕುಡಸ್ತೀನಿ.”

“ಹುಚ್ಚರಂಗ ಮಾತಾಡಬ್ಯಾಡ. ಮೈಯಾಗ ಜ್ವರ ಅದಾವ ನಿನಗ.”

“ಜ್ವರ ಬಿಟ್ಟಾವ್ರಿ.”

“ಬಿಟ್ರೂ ಆಗೂದಿಲ್ಲ. ನಿನ್ನ ಮಗಳಿಗೇ ಹಾಲು ಸಾಲಬೇಕು. ಇನ್ನೊಂದು, ಈ ಮನ್ಯಾಗ ಅದು ರೂಢಿಯಿಲ್ಲ.”

ರೂಢಿಯಿಲ್ಲ ಎನ್ನುವುದು ಖರೆ. ಕೆಳಗಿನ ಓಣಿಯವರು ಬಂದರೆ ಅಂಗಳದಲ್ಲಿ ನಿಲ್ಲುವರು, ಇಲ್ಲವೇ ದನ ಕಟ್ಟುವ ಅಂಕಣದ ತನಕ ಬರುವರು. ಪಡಸಾಲೆಯ ಮೆಟ್ಟಿಲು ಹತ್ತಿದವರಿಲ್ಲ. ಅವರಿಗೆ ರೊಟ್ಟಿಯನ್ನು ಮೇಲಿಂದ ಹಾಕುವರು, ನೀರನ್ನು ಬೊಗಸೆಗೆ ಹೊಯ್ಯುವರು. ಕಲ್ಲವ್ವ ಮಾಡಿದ ಕಟ್ಟಳೆಯಲ್ಲ ಅದು. ಅವಳ ಅತ್ತೆ, ಅತ್ತೆಯ ಅತ್ತೆ ನಡೆಸಿಕೊಂಡು ಬಂದದ್ದು.

ನೀಲವ್ವ ಗಂಜಿಯ ಬಟ್ಟಲು ಕೆಳಗಿಟ್ಟು ಮಲಗಿದಳು. ಮರುದಿನ ಮುಂಜಾನೆ ಕಲ್ಲವ್ವ ಹಿತ್ತಲಲ್ಲಿ ಎಮ್ಮೆ ಹಿಂಡಿ ಬಂದು ನೋಡಿದರೆ ಹಾಸಿಗೆ ಖಾಲಿ. ಕೂಸಿನ ಅಳುವೂ ನಿಂತಿತ್ತು. ಸ್ವಲ್ಪ ಹೊತ್ತಿಗೆ ನೀಲವ್ವ ಮೊಣಕಾಲ ತನಕ ಕೆಸರು ಮೆತ್ತಿಕೊಂಡು, ಗೋಡೆ ಹಿಡಿದು ನಡೆಯುತ್ತ ಬಂದಳು.

“ಎಲ್ಲಿ ಹೋಗಿದ್ದಿ?”

“ಗುಡ್ಡವ್ವನ ಮನೀಗ್ರಿ.”

“ಯಾರನ್ನ ಕೇಳಿ?”

“ಕೇಳಿದ್ರ ನೀವು ಬ್ಯಾಡ ಅಂತಿದ್ರಿ.”

ಕಲ್ಲವ್ವ ಹಾಲಿನ ಚರಿಗೆ ಕೆಳಗಿಟ್ಟಳು. “ಜಳಕ ಮಾಡಿ ಒಳಗ ಬಾ.”

“ಹೂಂರಿ.”

ಅಂದಿನಿಂದ ಅದೇ ನಡೆಯಿತು. ನೀಲವ್ವ ದಿನಕ್ಕೆ ಮೂರು ಸಲ ಕೆಳಗಿನ ಓಣಿಗೆ ಹೋಗುವಳು. ಮೂರು ಸಲವೂ ಬಂದು ಹಿತ್ತಲಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆ ಹಿಂಡಿ ಒಳಗೆ ಬರುವಳು. ಅತ್ತೆ ಸೊಸೆಯ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಮೂರನೆಯ ದಿನಕ್ಕೆ ನೀಲವ್ವನಿಗೆ ಜ್ವರ ಮರಳಿತು.

ಆ ಸಂಜೆ ಪ್ರಭುಲಿಂಗಪ್ಪ ಉಣ್ಣಲು ಕೂತವನು ತಟ್ಟೆಗೆ ಕೈ ಹಾಕಲಿಲ್ಲ.

“ಯವ್ವಾ, ಆಕೀನ್ನ ಹಿಂಗ ತಣ್ಣೀರಾಗ ಎಷ್ಟ ದಿನಾ ತೋಯಿಸಾಕಿ?”

“ನಾ ತೋಯಿಸಾಕತ್ತಿಲ್ಲ. ಹೋಗಬ್ಯಾಡ ಅಂದೀನಿ.”

“ಅಲ್ಲಿ ಹೋಗಿ ಬಂದ್ರ ಜಳಕ ಮಾಡಬೇಕು, ಹೌದಿಲ್ಲೋ? ಮತ್ತ ನನಗ ಯಾಕ ಹೇಳಲಿಲ್ಲ?”

“ನಿನಗೇನು?”

“ನಾಕ ದಿನಾ ಹೊಳಿದಂಡ್ಯಾಗ ನಾನೂ ಹೇಮಪ್ಪನೂ ಒಂದ ಅರಿವಿ ಹಾಸಿ, ಒಂದ ರೊಟ್ಟಿ ಹರಕೊಂಡ ತಿಂದೀವಿ. ಅವ ಕುಡದ ಚರಿಗ್ಯಾಗ ನಾ ನೀರ ಕುಡದೀನಿ. ಮನೀಗೆ ಬಂದು ನೆಟ್ಟಗ ಇಲ್ಲೇ ಉಣ್ಣಾಕ ಕುಂತೆ. ನನಗೇನಾತು? ನಿನ್ನ ಅಡಗಿಗೇನಾತು?”

ಕಲ್ಲವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗುರುಸಂಗಪ್ಪ ತಟ್ಟೆಯಿಂದ ತಲೆ ಎತ್ತದೇ ಅಂದ: “ಆಕಿ ದಿನಾ ಮೂರ ಸಲ ಇಳದ ಹೋಗೂದಕಿಂತ ಆ ಕೂಸು ಇಲ್ಲಿ ಬರೂದು ಹಗುರ. ಪಲ್ಯ ಹಾಕು.”

ಕಲ್ಲವ್ವ ಪಲ್ಯ ಹಾಕಿದಳು. ಸೌಟು ಕೆಳಗಿಟ್ಟು, “ದನದ ಅಂಕಣದಾಗ ಕುಂಡ್ರಲಿ” ಅಂದಳು.

ಮರುದಿನದಿಂದ ಗುಡ್ಡವ್ವ ಮೊಮ್ಮಗನನ್ನು ಎತ್ತಿಕೊಂಡು ಬರತೊಡಗಿದಳು. ಕೂಸಿನ ಹೆಸರು ದ್ಯಾಮಪ್ಪ. ಎತ್ತುಗಳ ಪಕ್ಕ ನೀಲವ್ವ ಒಂದು ಗೋಣಿತಟ್ಟಿನ ಮೇಲೆ ಕೂತು ಕುಡಿಸುವಳು. ಎತ್ತಿನ ಬಾಲ ಬಂದು ಅವಳ ಬೆನ್ನಿಗೆ ಬಡಿಯುವುದು. ನೊಣ, ಗಂಜಳ. ಎರಡು ದಿನ ನೋಡಿ ಕಲ್ಲವ್ವನೇ, “ಅಲ್ಲೇನ ಕುಂತೀರಿ, ಪಡಸಾಲಿ ಮೂಲ್ಯಾಗ ಬರ್ರಿ” ಎಂದಳು. ಗುಡ್ಡವ್ವ ಮೆಟ್ಟಿಲ ಬಳಿ ಅಳುಕಿದಳು. “ಬಾ ಅಂದೀನಲ್ಲ” ಎಂದು ಕಲ್ಲವ್ವ ಸಿಟ್ಟಿನಿಂದಲೇ ಹೇಳಿ ಒಳಗೆ ಹೋದಳು.

ಗುಡ್ಡವ್ವನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಕೂಸು ಕುಡಿಯುತ್ತಿರುವಷ್ಟು ಹೊತ್ತು ಮೂಲೆಯಲ್ಲಿದ್ದ ಮೊರವನ್ನು ಎಳೆದುಕೊಂಡು ಜೋಳ ಹಸನುಮಾಡುವಳು. ಹೋಗುವಾಗ ಕಲ್ಲವ್ವ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಕೊಡುವಳು. ಕೂಸಿನ ಕಡೆ ಮಾತ್ರ ನೋಡುವುದಿಲ್ಲ. ಅದು ನಕ್ಕರೂ ನೋಡುವುದಿಲ್ಲ, ಅತ್ತರೂ ನೋಡುವುದಿಲ್ಲ. ಒಂದು ದಿನ ನೀಲವ್ವ, “ಅತ್ತಿ, ಇವನ್ನ ಒಂಚೂರು ಹಿಡೀರಿ, ಶೇಖವ್ವ ಎದ್ದಾಳ” ಅಂದಾಗ, “ಒಲಿ ಮ್ಯಾಲ ಸಾರೈತಿ” ಎಂದು ಹೊರಟು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ನೀಲವ್ವನಿಗೆ ಅದು ಗೊತ್ತಿತ್ತು. ಸಾರನ್ನು ಅವಳೇ ಆಗಲೇ ಇಳಿಸಿ ಬಂದಿದ್ದಳು.

ಹದಿನೈದು ದಿನವಾದ ಮೇಲೆ ರೋಣದಿಂದ ಮಾಮಲೇದಾರ ಸಾಹೇಬರು ಹರಿಗೋಲು ಮುಗುಚಿದ್ದರ ಚೌಕಶಿಗೆ ಬಂದರು. ಗುರುಸಂಗಪ್ಪನ ಪಡಸಾಲೆಯಲ್ಲೇ ಕುರ್ಚಿ ಹಾಕಿದರು. ಅಂಗಳದ ತುಂಬ ಮಂದಿ. ಕಲ್ಲವ್ವ ಒಳಬಾಗಿಲ ಹಿಂದೆ ಚಹಾ ಸೋಸುತ್ತ ನಿಂತಿದ್ದಳು.

ಮೊದಲು ಸಣ್ಣಪ್ಪನನ್ನು ಕರೆದರು. ಸಕ್ರವ್ವ ಸಿಕ್ಕ ದಿನದಿಂದ ಅವನು ಮನೆಯಿಂದ ಹೊರಗೆ ಬಿದ್ದಿರಲಿಲ್ಲ. ಕಂಬಕ್ಕೆ ಆತು ನಿಂತ.

“ಒಂದು ಹರಿಗೋಲಿನಲ್ಲಿ ಹನ್ನೊಂದು ಮಂದಿಯನ್ನು ಹತ್ತಿಸಿದ್ದೇಕೆ?”

“ದಿನಾ ಹತ್ತಸ್ತಿದ್ವಿರಿ.”

“ನೀರು ಏರುವುದು ಕಾಣಲಿಲ್ಲವೆ?”

“ನಡುಹೊಳಿಗೆ ಹೋದಮ್ಯಾಲೆ ಬಂತ್ರಿ. ಮೊದಲ ಕಂಡಿದ್ರ ನಾ ಬಿಡ್ತಿದ್ದಿಲ್ರಿ ಸಾಹೇಬ್ರ.” ಆರು ಮನೆಯ ಗಂಡಸರು ಎದುರಿಗೇ ಕೂತಿದ್ದರು. ಯಾರೂ ಅವನ ಮೇಲೆ ದನಿ ಎತ್ತಲಿಲ್ಲ. ಯಾರೂ ಅವನ ಮುಖವನ್ನೂ ನೋಡಲಿಲ್ಲ.

ಆಮೇಲೆ ಸತ್ತವರ ಕಡೆಯವರ ಹೇಳಿಕೆ. ಹೇಮಪ್ಪನ ಸರದಿ ಬಂತು.

“ನಿನ್ನ ಹೆಂಡತಿಗೆ ಮೊಲೆಕೂಸು ಇತ್ತಂತೆ. ಅಂಥವಳು ಹೊಳೆ ದಾಟಿ ಕೆಲಸಕ್ಕೆ ಹೋಗಿದ್ದೇಕೆ? ಯಾರಾದರೂ ಒತ್ತಾಯ ಮಾಡಿದರೋ?”

ಕಲ್ಲವ್ವನ ಕೈಯಲ್ಲಿದ್ದ ಚಹಾದ ಅರಿವೆ ಹಾಗೇ ನಿಂತಿತು. ಅಂದು ಮುಂಜಾನೆ ಅವಳು ಸಕ್ರವ್ವನನ್ನು ಕರೆಯುವಾಗ ಹೇಮಪ್ಪ ಮೂರು ಮಾರು ದೂರದಲ್ಲಿ ಕೂತಿದ್ದ. ಒಂದೊಂದು ಮಾತೂ ಕೇಳಿದ್ದ.

ಹೇಮಪ್ಪ ರುಮಾಲನ್ನು ಕೈಯಲ್ಲಿ ಹಿಡಿದು ನೆಲ ನೋಡಿದ. “ಯಾರೂ ಒತ್ತಾಯ ಮಾಡಿಲ್ರಿ. ದುಡಿಯೋ ಮಂದಿ ನಾವು. ಆಕೀನ ಹೋದ್ಳರಿ.”

ಗುಮಾಸ್ತ ಬರೆದುಕೊಂಡ. ಹೇಮಪ್ಪ ಹೆಬ್ಬೆಟ್ಟು ಒತ್ತಿ, ಯಾರ ಕಡೆಗೂ ನೋಡದೆ ಅಂಗಳ ದಾಟಿ ಹೋದ. ಸಾಹೇಬರಿಗೆ ಚಹಾ ತಂದುಕೊಟ್ಟದ್ದು ನೀಲವ್ವ. ಕಲ್ಲವ್ವ ಹಿತ್ತಲಿಗೆ ಹೋಗಿ, ಆಗಲೇ ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯುತ್ತ ಕೂತಿದ್ದಳು.

ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಗುರುಸಂಗಪ್ಪ ಕೇಳಿದರೆ ಹೊಟ್ಟೆ ಸರಿಯಿಲ್ಲ ಅಂದಳು. ಮೂರನೆಯ ದಿನ ಮಧ್ಯಾಹ್ನ ಗುಡ್ಡವ್ವ ಎಂದಿನಂತೆ ಬಂದಳು. ನೀಲವ್ವ ಎರಡೂ ಕೂಸುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಈಚೆಗೆ ಮೂಲೆಯೂ ಬಿಟ್ಟು ಹೋಗಿತ್ತು, ತೊಟ್ಟಿಲ ಕೋಣೆಯಲ್ಲೇ ಕುಡಿಸುತ್ತಿದ್ದಳು. ಗುಡ್ಡವ್ವ ಮೊರ ತೆಗೆದುಕೊಂಡಳು. ಕಲ್ಲವ್ವ ಎದುರಿಗೆ ಇನ್ನೊಂದು ಮೊರ ಹಿಡಿದು ಕೂತಳು. ಇಬ್ಬರೂ ಒಂದಿಷ್ಟು ಹೊತ್ತು ಕೇರಿದರು.

“ಗುಡ್ಡವ್ವ.”

“ಏನ್ರಿ ಅವ್ವಾರ?”

“ನಿನ್ನ ಮಗ ಸಾಹೇಬರ ಮುಂದ ನನ್ನ ಹೆಸರು ಹೇಳಲಿಲ್ಲ.”

ಗುಡ್ಡವ್ವ ಕೇರುವುದನ್ನು ನಿಲ್ಲಿಸಲಿಲ್ಲ.

“ಸಕ್ರವ್ವ ಒಲ್ಲೆ ಅಂದಿದ್ಳು. ಕೂಸಿನ ಮೈ ಬೆಚ್ಚಗೈತಿ ಅಂದ್ಳು. ನಾ ಬಿಡಲಿಲ್ಲ. ಬಾಗಲದಾಗ ನಿಂತು ಕರದವಳು ನಾನು.” ಕಲ್ಲವ್ವನ ದನಿ ಒಡೆಯಲಿಲ್ಲ, ಬಹಳ ಸಣ್ಣದಾಯಿತು ಅಷ್ಟೇ. “ಅದನ್ನ ಕೂಸಿನ ಮುಖಾ ನೋಡಿ ಹ್ಯಾಂಗ ಹೊಟ್ಯಾಗ ಇಟ್ಕೊಳ್ಳಿ?”

ಗುಡ್ಡವ್ವ ಮೊರ ಕೆಳಗಿಟ್ಟಳು. ಸೆರಗಿನಿಂದ ಕಣ್ಣು ಒರಸಿಕೊಳ್ಳಲಿಲ್ಲ, ಮೊಣಕೈಗೆ ಹತ್ತಿದ ಹೊಟ್ಟು ಒರಸಿಕೊಂಡಳು.

“ನೀವು ತಿರುಗಿ ಬಂದ್ರೆಲ್ಲ, ಆಮ್ಯಾಲೆ ಏನಾತು ನಿಮಗ ಗೊತ್ತಿಲ್ರಿ. ಸಕ್ರವ್ವ ಒಳಗ ಬಂದು, ‘ಅತ್ತಿ, ನಾ ಹೋಗೂದಿಲ್ಲ, ಅವ್ವಾರು ಬೈದ್ರ ಬೈಲಿ’ ಅಂದ್ಳು. ಕೂಸಿನ್ನ ಹಾಸಿಗ್ಗೆ ಹಾಕಿ ತಾನೂ ಪಕ್ಕಕ್ಕ ಅಡ್ಡಾದ್ಳು. ನಾ ಏನಂದೆ ಗೊತ್ತೇನ್ರಿ? ‘ಎದ್ದ ಹೋಗವ, ದೊಡ್ಡೋರು ಮನೀಬಾಗಲಕ ಬಂದು ಕರದಾರ, ಚಲೋ ಅನಸೂದಿಲ್ಲ. ಕೂಸು ನನ್ನ ಮ್ಯಾಲ ಬಿಡು’ ಅಂತ ಎಬ್ಬಿಸಿ ಕಳಿಸಿದೆ. ಬುತ್ತಿ ಕಟ್ಟಿಕೊಟ್ಟವಳೂ ನಾನ.”

ಕಲ್ಲವ್ವ ಅವಳನ್ನೇ ನೋಡಿದಳು.

“ಹೇಮಣ್ಣಗೂ ಹೇಳೀನ್ರಿ. ಅವ ಅಂದ, ‘ಯವ್ವಾ, ನಾ ಬ್ಯಾಡ ಅಂತ ಒಂದ ಮಾತು ಅಂದಿದ್ರ ಆಕಿ ಉಳೀತಿದ್ಳು, ನಾನೂ ಸುಮ್ಮನ ಹಗ್ಗಾ ಹೊಸಕೋತ ಕುಂತೆ’ ಅಂದ. ಹಿಂಗ ಎಷ್ಟ ಮಂದಿ ಮ್ಯಾಲ ಹಾಕೂದ್ರಿ ಅವ್ವಾರ? ಹೊಳಿ ಬಂತು, ಒಯ್ತು.” ಅವಳು ಮತ್ತೆ ಮೊರ ಎತ್ತಿಕೊಂಡು ಅಂದಳು: “ನಿಮ್ಮ ಸೊಸಿ ಬಂದು ಕುಡಸದಿದ್ರ ಆ ಕೂಸು ಎಂಟ ದಿನಾ ಉಳೀತಿದ್ದಿಲ್ಲ. ನಾ ದಿನಾ ಮುಂಜಾನೆ ಎದ್ದು ಅದನ್ನಷ್ಟ ನೆನಸ್ತೀನಿ. ಬ್ಯಾರೇದು ನೆನಸಿದ್ರ ಬಾಳಾಕ ಆಗೂದಿಲ್ರಿ.”

ಒಳಗಿನಿಂದ ದ್ಯಾಮಪ್ಪ ರಾಗ ತೆಗೆದ. ಶೇಖವ್ವನೂ ಶುರುಮಾಡಿದಳು. ಕಲ್ಲವ್ವ ಎದ್ದು ಹೋದಳು. ತೊಟ್ಟಿಲ ಕೋಣೆಯಲ್ಲಿ ನೀಲವ್ವ ಎರಡೂ ಕೈಯಲ್ಲಿ ಎರಡನ್ನು ಹಿಡಿದು ಸೋತಿದ್ದಳು. ಕಲ್ಲವ್ವ ಮಾತಾಡದೆ ಕೈ ಚಾಚಿ ದ್ಯಾಮಪ್ಪನನ್ನು ಎತ್ತಿಕೊಂಡಳು. ಮೊಮ್ಮಗಳಿಗಿಂತ ಹಗುರವಾಗಿದ್ದ. ಅವಳ ಕೊರಳ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ಸುಮ್ಮನಾದ.

“ತಲಿಗೆ ಎಣ್ಣಿ ಕಂಡಿಲ್ಲಲ್ಲ ಇದು” ಎಂದಳು ಕಲ್ಲವ್ವ.

ಅಂದಿನಿಂದ ಎರಡೂ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವುದು ಅವಳ ಕೆಲಸವಾಯಿತು. ಮಹಾನವಮಿ ಹೋಯಿತು, ದೀಪಾವಳಿಯೂ ಹೋಯಿತು. ಊರಲ್ಲಿ ಯಾರೂ ಹಬ್ಬ ಮಾಡಲಿಲ್ಲ. ಹಿಂಗಾರಿ ಬಿತ್ತಿಗೆ ಮುಗಿದಿತ್ತು. ಆಚೆ ದಂಡೆಯ ಹೊಲಕ್ಕೆ ಪ್ರಭುಲಿಂಗಪ್ಪ ಚಿಕ್ಕನರಗುಂದದ ಕಡೆಯಿಂದ ಸುತ್ತುಹಾಕಿ ಬಂಡಿ ಒಯ್ದು ಕಡಲೆ ಹಾಕಿ ಬಂದ. ಹೇಮಪ್ಪ ಜತೆಗೆ ಹೋಗಿದ್ದ.

ದೀಪಾವಳಿ ಕಳೆದು ವಾರಕ್ಕೆ ನರಗುಂದದಿಂದ ಗುರುಸಂಗಪ್ಪನ ಅಕ್ಕ ಮಾನವ್ವ ಬಂದಳು. ಮನೆತನದಲ್ಲಿ ಅವಳೇ ಹಿರಿಯಳು.

“ಸೊಸಿ ಜೀವ ಉಳಿಸಿಕೊಂಡು ಬಂದಾಳ. ಇನ್ನೂ ನಾಕ ಮಂದಿಗೆ ಉಣ್ಣಾಕ ನೀಡಿಲ್ಲಂದ್ರ ಹ್ಯಾಂಗ?” ಎಂದಳು. “ಬೀಗರು ಬಿಜ್ಜರನ್ನ ಕರೀರಿ. ಹೋಳಿಗಿ ಮಾಡ್ರಿ. ದೇವರಿಗೆ ಒಂದ ಶರಣಾದರೂ ಬ್ಯಾಡೇನು?”

ಗುರುಸಂಗಪ್ಪ ಹೆಂಡತಿಯ ಕಡೆ ನೋಡಿದ.

“ಮಾಡೂನು” ಅಂದಳು ಕಲ್ಲವ್ವ. “ದ್ಯಾಮಪ್ಪಗೂ ಆರ ತಿಂಗಳ ತುಂಬಿದ್ವು. ಬಾಯಿಗೆ ಅನ್ನ ಹಚ್ಚಬೇಕು. ಅವತ್ತ ಮಾಡೂನು.”

“ಯಾರು ದ್ಯಾಮಪ್ಪ?”

“ಸಕ್ರವ್ವನ ಕೂಸು. ಹೋಳಿಗಿ ಬ್ಯಾಡ, ಇನ್ನೂ ಹಸೀ ದುಃಖ ಐತಿ. ರೊಟ್ಟಿ, ಕಾಳಪಲ್ಯ, ಗೋದಿ ಹುಗ್ಗಿ. ಆರೂ ಮನಿಯವರನ್ನ ಕರೀತೀನಿ.”

“ಅಂಗಳದಾಗ ಕುಂಡ್ರಸ್ತಿ?”

“ಪಡಸಾಲ್ಯಾಗ.”

ಮಾನವ್ವ ತಮ್ಮನ ಕಡೆ ತಿರುಗಿದಳು. “ನೀ ಏನಂತೀಯಪ್ಪಾ?”

ಗುರುಸಂಗಪ್ಪ ನಿಧಾನಕ್ಕೆ ಅಡಕೆ ಕತ್ತರಿಸಿದ. “ಅಕ್ಕಾ, ನೀ ಹೇಳೂದು ದೇವರಿಗೆ ಶರಣು. ಆಕಿ ಹೇಳೂದೂ ಅದನ್ನ. ನನಗ ಎರಡೂ ಒಂದ ಕಾಣಸ್ತಾವ.”

ಕರೆಯಲು ಕಲ್ಲವ್ವನೇ ಹೋದಳು. ಆರು ಮನೆಯಲ್ಲಿ ಐದು ಮನೆಯವರು ಹೂಂ ಅಂದರು. ಆರನೆಯ ಮನೆಯ ಕಳಕವ್ವ, ಮಗಳನ್ನು ಕಳೆದುಕೊಂಡವಳು, “ನನಗ ಇನ್ನೂ ಉಣ್ಣಾಕ ಆಗವಲ್ದು, ಒತ್ತಾಯ ಮಾಡಬ್ಯಾಡ್ರಿ” ಅಂದಳು. ಕಲ್ಲವ್ವ ಒತ್ತಾಯ ಮಾಡಲಿಲ್ಲ. ಅವಳ ಜತೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬಂದಳು. ಬರುವ ದಾರಿಯಲ್ಲಿ ಸಣ್ಣಪ್ಪನ ಮನೆಯ ಮುಂದೆ ನಿಂತು ಅವನ ಹೆಂಡತಿಗೆ, “ಇಬ್ಬರೂ ಬರ್ರಿ” ಎಂದಳು.

ಅಂದು ಸೋಮವಾರ. ಮಂದಿ ಬಂದು ಪಡಸಾಲೆಯ ಕೆಳಗೇ ನಿಂತರು. ಯಾರೂ ಮೊದಲು ಹತ್ತಲೊಲ್ಲರು. ಪ್ರಭುಲಿಂಗಪ್ಪ ಇಳಿದು ಹೋಗಿ ಹೇಮಪ್ಪನ ಹೆಗಲ ಮೇಲೆ ಕೈಹಾಕಿದ. “ನಡಿ, ಹೊಳಿದಂಡಿ ಅಲ್ಲ ಇದು, ಕುಂಡ್ರಾಕ ಕಂಬಳಿ ಹಾಸೇನಿ” ಅಂದ. ಹೇಮಪ್ಪ ಸ್ವಲ್ಪ ನಕ್ಕ. ಹತ್ತಿ ಕೂತ. ಉಳಿದವರು ಹಿಂದೆ ಬಂದರು.

ಸಣ್ಣಪ್ಪ ಬಂದವನು ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದ್ದ. ಎಲ್ಲರೂ ಕಂಡರು, ಯಾರೂ ಕರೆಯಲಿಲ್ಲ. ಹೇಮಪ್ಪ ತನ್ನ ಪಕ್ಕದ ಜಾಗ ಸರಿಮಾಡಿ, “ಸಣ್ಣಣ್ಣ, ಇಲ್ಲೆ ಬಾ. ನಾಕ ದಿನಾ ನೀರಾಗ ನಂಜೋಡಿ ಇದ್ದಿ, ಈಗ ದೂರ ಯಾಕ ನಿಂತಿ?” ಎಂದ. ಸಣ್ಣಪ್ಪ ಬಂದು ಕೂತ. ಮುದುಡಿಕೊಂಡು, ತೀರ ಕಡಿಮೆ ಜಾಗ ಹಿಡಿದು ಕೂತ. ಆಚೆ ಮಗ್ಗುಲಿಗಿದ್ದವನು, ಆರು ಮನೆಯವರಲ್ಲಿ ಒಬ್ಬ, ನೀರಿನ ಚರಿಗೆಯನ್ನು ಅವನ ಕಡೆ ಸರಿಸಿದ.

ಕಲ್ಲವ್ವ ದ್ಯಾಮಪ್ಪನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮೆತ್ತಗೆ ಕಿವುಚಿದ ಹಾಲನ್ನ ಬೆರಳ ತುದಿಯಿಂದ ಬಾಯಿಗೆ ಹಚ್ಚಿದಳು. ಕೂಸು ಮುಖ ಸೊಟ್ಟಗೆ ಮಾಡಿ, ಆಮೇಲೆ ಬೆರಳನ್ನೇ ಚೀಪಿತು. ಹೇಮಪ್ಪ ಮುಖ ಆಚೆ ತಿರುಗಿಸಿದ. ನೀಲವ್ವ ಒಳಗೆ ಹೋದವಳು ಕಣ್ಣು ತೊಳೆದುಕೊಂಡು ಬಂದು ಬಡಿಸಲು ನಿಂತಳು.

ಅಡಿಗೆಮನೆಯಲ್ಲಿ ರೊಟ್ಟಿ ಸಾಲುತ್ತಿರಲಿಲ್ಲ. ಹೊಟ್ಟೆತುಂಬ ಉಂಡು ಎಷ್ಟೋ ದಿನವಾದ ಮಂದಿ ನಿಧಾನಕ್ಕೆ, ಬಹಳ ಹೊತ್ತು ಉಂಡರು. ಕಲ್ಲವ್ವ ಮತ್ತೆ ಹಿಟ್ಟಿಗೆ ಕೂತಳು. ಬೆಳಗಿನಿಂದ ಬಡಿದು ಬಲಗೈ ಮಣಿಕಟ್ಟು ಊದಿತ್ತು. ಹತ್ತು ಬಡಿದಳು, ಹನ್ನೊಂದನೆಯದು ಹರಿಯಿತು. ಮತ್ತೆ ತಟ್ಟಿದಳು, ಮತ್ತೆ ಹರಿಯಿತು. ಪಕ್ಕದಲ್ಲಿ ಕೂತ ಮಾನವ್ವನಿಗೆ ವಯಸ್ಸಾಗಿತ್ತು, ನೀಲವ್ವ ಹೊರಗೆ ಬಡಿಸುತ್ತಿದ್ದಳು.

ಸಪ್ಪಳ ನಿಂತದ್ದು ಕೇಳಿ ಗುಡ್ಡವ್ವ ಉಣ್ಣುವುದನ್ನು ಬಿಟ್ಟು ಎದ್ದು ಬಂದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು. ಕಲ್ಲವ್ವನ ಕೈ ನೋಡಿದಳು. “ನಾ ಬಡೀಲೇನ್ರಿ?” ಎಂದಳು. ಕೇಳಿದ ಮೇಲೆ ತಾನೇ ಹೆದರಿದಳು.

ಕಲ್ಲವ್ವ ಕೊಣಮಿಗೆಯಲ್ಲಿ ನಾದಿಟ್ಟ ಹಿಟ್ಟು ನೋಡಿದಳು, ಒಲೆ ನೋಡಿದಳು. ಆಮೇಲೆ ಕೂತಿದ್ದ ಮಣೆಯಿಂದ ಎದ್ದು, ಅದನ್ನು ಒಲೆಯ ಮುಂದೆ ಸರಿಯಾಗಿ ಇಟ್ಟು ಪಕ್ಕಕ್ಕೆ ಸರಿದಳು. “ಕೈ ತೊಳಕೊಂಡ ಬಾ” ಅಂದಳು.

ಮಾನವ್ವ ಸೆರಗು ಸರಿಮಾಡಿಕೊಂಡು ಎದ್ದು ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು. ಅವಳು ಅಂದು ಆ ಮನೆಯಲ್ಲಿ ಉಣ್ಣಲಿಲ್ಲ. ಸಂಜೆಯ ಬಂಡಿಗೆ ನರಗುಂದಕ್ಕೆ ಹೊರಟಳು. ಅವಳನ್ನು ಯಾರೂ ತಡೆಯಲಿಲ್ಲ, ಬೈಯಲೂ ಇಲ್ಲ. ಗುರುಸಂಗಪ್ಪ ಊರ ಮುಂದಿನ ತನಕ ನಡೆದು ಹೋಗಿ ಬಿಟ್ಟು ಬಂದ.

ಗುಡ್ಡವ್ವನ ಕೈ ಚಲೋ ಪಳಗಿದ ಕೈ. ರೊಟ್ಟಿ ತೆಳ್ಳಗೆ, ಅಂಚು ಹರಿಯದೆ ಹೊರಟವು. ನೀಲವ್ವ ಒಯ್ದು ಒಯ್ದು ಬಡಿಸಿದಳು. ಪಡಸಾಲೆಯವರೆಲ್ಲ ಕೈತೊಳೆದ ಮೇಲೆ ಒಳಗೆ ಮೂವರೇ ಉಳಿದರು. ಕಲ್ಲವ್ವ ಗೋಡೆಗೆ ಒರಗಿ, ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಅವ್ವಾರ, ನೀವು ಉಂಡಿಲ್ರಿ” ಎಂದಳು ಗುಡ್ಡವ್ವ.

“ನೀನೂ ಅರ್ಧಕ್ಕ ಬಿಟ್ಟ ಎದ್ದ ಬಂದಿ.”

“ನಂದಿರಲಿ. ಮೊದಲ ನಿಮ್ಮದು.”

ಗುಡ್ಡವ್ವ ಹಂಚಿನಿಂದ ಬಿಸಿ ರೊಟ್ಟಿ ತೆಗೆದಳು. ಅದನ್ನು ಹಿಡಿದು ಒಂದು ಗಳಿಗೆ ಏನು ಮಾಡಬೇಕೆಂದು ತಿಳಿಯದೆ ಕೂತಳು. ನೀಲವ್ವ ಅತ್ತೆಯ ಮುಂದೆ ತಟ್ಟೆ ಇಟ್ಟಳು. ಗುಡ್ಡವ್ವ ಬಾಗಿ ರೊಟ್ಟಿಯನ್ನು ತಟ್ಟೆಯಲ್ಲಿ ಇಟ್ಟಳು. ಮೇಲೆ ಒಂದು ಸೌಟು ಪಲ್ಯ ಹಾಕಿದಳು.

ಕಲ್ಲವ್ವ ಎಡಗೈಯಿಂದ ತಟ್ಟೆ ಹಿಡಿದು, ನೋಯುವ ಬಲಗೈಯಿಂದಲೇ ರೊಟ್ಟಿ ಮುರಿದಳು. ಪಡಸಾಲೆಯಲ್ಲಿ ಗಂಡಸರು ಮಳೆ ಬೆಳೆಯ ಮಾತಾಡುತ್ತಿದ್ದರು. ಸಣ್ಣಪ್ಪನ ದನಿಯೂ ಒಂದೆರಡು ಸಲ ಕೇಳಿತು. ಅವಳು ಒಂದು ರೊಟ್ಟಿಯನ್ನು ಪೂರಾ ಉಂಡಳು. ಆಮೇಲೆ ತಟ್ಟೆಯನ್ನು ಒಲೆಯ ಕಡೆ ಸ್ವಲ್ಪ ಸರಿಸಿದಳು.

“ಇನ್ನೊಂದ ಹಾಕು, ಗುಡ್ಡವ್ವ” ಅಂದಳು. “ಭಾಳ ಹಸದೀನಿ.”